ಇಂಟರ್‌ಫೇಸ್ ನಿರ್ಮಾಣದ ಹೊಸ ತಂತ್ರಜ್ಞಾನಗಳು ಮತ್ತು ಕನ್ನಡ ಬರಹದ ನೆಲೆ

೧. ಪ್ರವೇಶ

ಗಣಕಯಂತ್ರ ಹಾಗೂ ಕನ್ನಡದ ಸಂಬಂಧವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಎರಡು ಸಂಗತಿಗಳ ಸುತ್ತ ಕೇಂದ್ರೀಕೃತವಾಗಿವೆ. ಒಂದು ಕೀಲಿಮಣೆ, ಇನ್ನೊಂದು ಫಾಂಟ್. ಕನ್ನಡವನ್ನು ಗಣಕಕ್ಕೆ ಊಡಿಸುವುದು ಹೇಗೆ, ಊಡಿಸಿದ್ದನ್ನು ಅಂದವಾಗಿ ಮುದ್ರಿಸುವುದು ಹೇಗೆ ಎಂಬ ಪ್ರಶ್ನೆಗಳು ಮುಖ್ಯವಾದವುಗಳೇ ಸರಿ. ಆದರೆ ಇವೆರಡರ ನಡುವೆ ಮೂರನೆಯ ನೆಲೆಯೊಂದಿದೆ. ಬಳಕೆದಾರನಿಗೆ ಪರದೆಯ ಮೇಲೆ ಕಾಣುವ ಗುಂಡಿಗಳು, ಪಟ್ಟಿಗಳು, ಚೌಕಗಳು, ಸೂಚನೆಗಳು ಮತ್ತು ಅವುಗಳ ಒಟ್ಟು ಏರ್ಪಾಡೇ ಆ ನೆಲೆ. ಇದನ್ನು ಇಂಟರ್‌ಫೇಸ್ ಎಂದು ಕರೆಯಲಾಗುತ್ತದೆ. ಇಂದು ಬ್ಯಾಂಕಿನ ವ್ಯವಹಾರದಿಂದ ಪಹಣಿಯವರೆಗೆ ಸಾಮಾನ್ಯ ಓದುಗನು ದಿನನಿತ್ಯ ಎದುರಿಸುವ ಕನ್ನಡ ಬರಹದ ದೊಡ್ಡ ಪಾಲು ಪುಸ್ತಕದಲ್ಲಿಲ್ಲ, ಪತ್ರಿಕೆಯಲ್ಲಿಲ್ಲ. ಇಂತಹ ಪರದೆಗಳ ಮೇಲಿದೆ.

ಈ ಪರದೆಗಳನ್ನು ರೂಪಿಸುವವರು ಎರಡು ವರ್ಗದವರು. ನೋಟ, ಬಣ್ಣ, ಅಳತೆ, ಜೋಡಣೆಗಳನ್ನು ನಿರ್ಧರಿಸುವವನು ವಿನ್ಯಾಸಕಾರ; ಅದನ್ನು ಯಂತ್ರವು ಪಾಲಿಸುವಂತೆ ಸಂಕೇತಭಾಷೆಯಲ್ಲಿ ಬರೆಯುವವನು ಡೆವಲಪರ್. ಇಂಟರ್‌ಫೇಸ್ ನಿರ್ಮಾಣಕ್ಕೆ ಕೆಲವು ವರ್ಷಗಳಿಗೊಮ್ಮೆ ಹೊಸ ತಂತ್ರಜ್ಞಾನ ಬರುತ್ತದೆ. ಅದನ್ನು ಸ್ವೀಕರಿಸುವಾಗ ಇವರಿಬ್ಬರ ನಡುವಿನ ಕೆಲಸದ ಹಂಚಿಕೆಯೂ ಬದಲಾಗುತ್ತದೆ. ಈ ಹಂಚಿಕೆಯಲ್ಲಿ ಬರಹವು ಯಾರೊಬ್ಬರ ಹೊಣೆಯೂ ಆಗದೆ ಉಳಿಯುತ್ತದೆ ಎಂಬುದು ಪ್ರಸ್ತುತ ಲೇಖನದ ಮುಖ್ಯ ಪ್ರತಿಪಾದನೆ. ವಿನ್ಯಾಸಕಾರನಿಗೆ ಬರಹವು ಚೌಕದೊಳಗೆ ತುಂಬುವ ವಸ್ತು; ಡೆವಲಪರನಿಗೆ ಅದು ಸಂಕೇತಗಳ ಸರಣಿ. ಇಂಗ್ಲಿಷಿಗೆ ಇದರಿಂದ ಹೆಚ್ಚಿನ ತೊಂದರೆಯಾಗುವುದಿಲ್ಲ. ಕನ್ನಡದಂತಹ ಲಿಪಿ ಮತ್ತು ಭಾಷೆ ಮಾತ್ರ ಒಮ್ಮೆ ಗಳಿಸಿದ ಸ್ಥಾನವನ್ನು ಪ್ರತಿ ಹೊಸ ತಂತ್ರಜ್ಞಾನದಲ್ಲಿಯೂ ಮತ್ತೆ ಗಳಿಸಬೇಕಾಗುತ್ತದೆ. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

೨. ಚಿತ್ರ ಮತ್ತು ಆಜ್ಞೆ

ಗಣಕದೊಡನೆ ಮನುಷ್ಯನು ನಡೆಸುತ್ತಿದ್ದ ವ್ಯವಹಾರ ಬಹುಕಾಲ ಆಜ್ಞೆಗಳ ಮೂಲಕವೇ ನಡೆಯುತ್ತಿತ್ತು. ಬಳಕೆದಾರನು ಒಂದು ಸಾಲನ್ನು ಬರೆದರೆ ಯಂತ್ರವು ಇನ್ನೊಂದು ಸಾಲಿನಲ್ಲಿ ಉತ್ತರಿಸುತ್ತಿತ್ತು. ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ೧೯೭೩ರಲ್ಲಿ ರೂಪುಗೊಂಡ ಆಲ್ಟೊ ಗಣಕವು ಚಿತ್ರ, ಕಿಟಕಿ, ಮೌಸ್‌ಗಳನ್ನು ಆಧರಿಸಿದ ಹೊಸ ಬಗೆಯ ವ್ಯವಹಾರಕ್ಕೆ ದಾರಿ ಮಾಡಿತು. ೧೯೮೧ರಲ್ಲಿ ಝೆರಾಕ್ಸ್ ಸ್ಟಾರ್, ೧೯೮೪ರಲ್ಲಿ ಆಪಲ್ ಸಂಸ್ಥೆಯ ಮೆಕಿಂತಾಶ್, ೧೯೮೫ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಈ ಮಾದರಿಯನ್ನು ಮಾರುಕಟ್ಟೆಗೆ ತಂದವು. ಆಗಿನಿಂದ ತಂತ್ರಾಂಶವೆಂದರೆ ಕೇವಲ ಲೆಕ್ಕಾಚಾರವಲ್ಲ, ಅದು ನೋಡುವ ವಸ್ತುವೂ ಹೌದು ಎಂಬಂತಾಯಿತು.

ಆದರೂ ಮೊದಲ ಘಟ್ಟದಲ್ಲಿ ವಿನ್ಯಾಸಕಾರನಿಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ೧೯೯೧ರಲ್ಲಿ ಬಂದ ವಿಶುವಲ್ ಬೇಸಿಕ್‌ನಲ್ಲಿ ಸಿದ್ಧ ಗುಂಡಿಗಳನ್ನೂ ಚೌಕಗಳನ್ನೂ ಖಾಲಿ ಹಲಗೆಯ ಮೇಲೆ ಎಳೆದು ಇರಿಸಿದರೆ ಪರದೆ ಸಿದ್ಧವಾಗುತ್ತಿತ್ತು. ಡೆವಲಪರನೇ ವಿನ್ಯಾಸಕಾರನೂ ಆಗಿದ್ದ ಈ ಕಾಲದ ತಂತ್ರಾಂಶಗಳೆಲ್ಲ ಒಂದೇ ಬಗೆಯ ಬೂದು ಬಣ್ಣದ ಕಿಟಕಿಗಳಂತೆ ಕಾಣುತ್ತಿದ್ದುದು ಆಕಸ್ಮಿಕವಲ್ಲ.

ಜಾಲತಾಣಗಳ ವಿಸ್ತಾರದೊಂದಿಗೆ ಈ ಸ್ಥಿತಿ ಬದಲಾಯಿತು. ಪುಟದ ರಚನೆಯನ್ನು ಎಚ್‌ಟಿಎಂಎಲ್ ಹೇಳಿದರೆ, ಅದರ ನೋಟವನ್ನು ೧೯೯೬ರಲ್ಲಿ ಮಾನಕವಾಗಿ ಅಂಗೀಕೃತವಾದ ಸಿಎಸ್‌ಎಸ್ ಹೇಳತೊಡಗಿತು. ಹೂರಣ ಬೇರೆ, ಅಲಂಕಾರ ಬೇರೆ ಎಂಬ ಈ ವಿಂಗಡಣೆಯು ಮುದ್ರಣ ಮತ್ತು ಜಾಹೀರಾತಿನ ಕ್ಷೇತ್ರದಲ್ಲಿ ತರಬೇತಿ ಪಡೆದ ವಿನ್ಯಾಸಕಾರರನ್ನು ತಂತ್ರಾಂಶದ ಕೆಲಸದೊಳಕ್ಕೆ ತಂದಿತು. ಅವರು ಫೋಟೋಶಾಪ್‌ನಲ್ಲಿ ಪುಟದ ಚಿತ್ರವನ್ನು ಬಿಡಿಸುತ್ತಿದ್ದರು. ಡೆವಲಪರ್ ಅದನ್ನು ತುಂಡುತುಂಡಾಗಿ ಕತ್ತರಿಸಿ ಸಂಕೇತಕ್ಕೆ ಇಳಿಸುತ್ತಿದ್ದ.

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಪ್ರಕ್ರಿಯೆಯ ತೊಡಕು ತಟ್ಟನೆ ಹೊಳೆಯುತ್ತದೆ. ಒಂದು ಪ್ರತಿಯಿಂದ ಇನ್ನೊಂದು ಪ್ರತಿಯಾಗುವಾಗ ಪಾಠಾಂತರಗಳು ಹುಟ್ಟುತ್ತವೆ. ವಿನ್ಯಾಸಕಾರನ ಚಿತ್ರ ಮೂಲಪ್ರತಿ. ಡೆವಲಪರನ ಸಂಕೇತ ಅದರ ನಕಲು. ಅಂತರ ಕಡಿಮೆಯಾಯಿತು, ಬಣ್ಣ ಬದಲಾಯಿತು, ಅಕ್ಷರ ಸಣ್ಣದಾಯಿತು ಎಂದು ವಿನ್ಯಾಸಕಾರನು ಆಕ್ಷೇಪಿಸಿದರೆ, ಚಿತ್ರದಲ್ಲಿ ಬಿಡಿಸಿದ್ದೆಲ್ಲವೂ ಯಂತ್ರದಲ್ಲಿ ಸಾಧ್ಯವಿಲ್ಲ ಎಂಬುದು ಡೆವಲಪರನ ಉತ್ತರ. ಈ ನಕಲಿನ ಕೆಲಸವನ್ನೇ ಇಲ್ಲವಾಗಿಸಬೇಕೆಂಬುದು ಮುಂದಿನ ತಂತ್ರಜ್ಞಾನಗಳ ಆಶಯವಾಯಿತು.

೩. ಇಬ್ಬರೂ ಓದಬಲ್ಲ ಒಂದು ಪಠ್ಯ

ಈ ಆಶಯದ ಸ್ಪಷ್ಟ ರೂಪವನ್ನು ಮೈಕ್ರೋಸಾಫ್ಟ್ ಸಂಸ್ಥೆಯ ಡಬ್ಲ್ಯುಪಿಎಫ್ ತಂತ್ರಜ್ಞಾನದಲ್ಲಿ ಕಾಣಬಹುದು. ‘ಅವಲಾನ್’ ಎಂಬ ಸಂಕೇತನಾಮದಲ್ಲಿ ೨೦೦೩ರಲ್ಲಿ ಡೆವಲಪರರ ಮುಂದೆ ಪ್ರದರ್ಶಿತವಾದ ಇದು ೨೦೦೬ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಇದರ ಕೇಂದ್ರದಲ್ಲಿದ್ದುದು ಝ್ಯಾಮೆಲ್ ಎಂಬ ಹೊಸ ವಿವರಣಾಭಾಷೆ. ಹಿಂದಿನ ಪದ್ಧತಿಯಲ್ಲಿ ‘ಒಂದು ಗುಂಡಿಯನ್ನು ಸೃಷ್ಟಿಸು, ಅದನ್ನು ಇಲ್ಲಿ ಇರಿಸು, ಅದಕ್ಕೆ ಈ ಬಣ್ಣ ಹಚ್ಚು’ ಎಂದು ಕ್ರಮವಾಗಿ ಆಜ್ಞಾಪಿಸಬೇಕಿತ್ತು. ಝ್ಯಾಮೆಲ್‌ನಲ್ಲಿ ‘ಇಲ್ಲಿ ಒಂದು ಗುಂಡಿಯಿದೆ, ಅದರ ಬಣ್ಣ ಇದು’ ಎಂದು ವಿವರಿಸಿದರೆ ಸಾಕು; ಹೇಗೆ ಬಿಡಿಸಬೇಕೆಂಬುದು ಯಂತ್ರದ ಹೊಣೆ. ವಿಧ್ಯರ್ಥದ ವಾಕ್ಯಗಳ ಜಾಗದಲ್ಲಿ ನಿರೂಪಣೆಯ ವಾಕ್ಯಗಳು ಬಂದವು ಎಂದು ಇದನ್ನು ವ್ಯಾಕರಣದ ಪರಿಭಾಷೆಯಲ್ಲಿ ಹೇಳಬಹುದು.

ಇದರ ಜೊತೆಗೆ ವರ್ತನೆ ಮತ್ತು ನೋಟಗಳನ್ನು ಪೂರ್ಣವಾಗಿ ಬೇರ್ಪಡಿಸಲಾಯಿತು. ಒತ್ತಿದರೆ ಪ್ರತಿಕ್ರಿಯಿಸುವುದು ಗುಂಡಿಯ ಲಕ್ಷಣ. ಅದು ಚೌಕವೋ ವೃತ್ತವೋ ಎಂಬುದು ಲಕ್ಷಣಕ್ಕೆ ಸೇರಿದ್ದಲ್ಲ. ೨೦೦೭ರಲ್ಲಿ ಬಂದ ಎಕ್ಸ್‌ಪ್ರೆಶನ್ ಬ್ಲೆಂಡ್ ಎಂಬ ಸಾಧನದಲ್ಲಿ ವಿನ್ಯಾಸಕಾರನು ಬಿಡಿಸುತ್ತಾ ಹೋದಂತೆ ಹಿನ್ನೆಲೆಯಲ್ಲಿ ಝ್ಯಾಮೆಲ್ ಪಠ್ಯ ಸಿದ್ಧವಾಗುತ್ತಿತ್ತು. ಅದೇ ಕಡತವನ್ನು ಡೆವಲಪರ್ ವಿಶುವಲ್ ಸ್ಟುಡಿಯೋದಲ್ಲಿ ತೆರೆಯಬಹುದಿತ್ತು. ಮೂಲಪ್ರತಿ ಮತ್ತು ನಕಲು ಎಂಬ ಭೇದವೇ ಇಲ್ಲದೆ ಇಬ್ಬರೂ ಒಂದೇ ಪ್ರತಿಯನ್ನು ತಿದ್ದುವ ಸಾಧ್ಯತೆ ಇದಾಗಿತ್ತು.

೪. ಸ್ವೀಕಾರದ ತೊಡಕುಗಳು

ತಾತ್ವಿಕವಾಗಿ ಇಷ್ಟು ಸಮರ್ಪಕವಾಗಿದ್ದ ಏರ್ಪಾಡು ಆಚರಣೆಯಲ್ಲಿ ನಿರೀಕ್ಷಿತ ಮಟ್ಟಕ್ಕೆ ನೆಲೆಗೊಳ್ಳಲಿಲ್ಲ. ಇದಕ್ಕೆ ಹಲವು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಬ್ಲೆಂಡ್ ಕೇವಲ ವಿಂಡೋಸ್‌ನಲ್ಲಿ ನಡೆಯುತ್ತಿತ್ತು; ವಿನ್ಯಾಸಕಾರರಲ್ಲಿ ಅನೇಕರು ಮೆಕಿಂತಾಶ್ ಬಳಸುವವರು, ಫೋಟೋಶಾಪ್ ಹಾಗೂ ಇಲಸ್ಟ್ರೇಟರ್‌ಗಳಲ್ಲಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡವರು. ಎರಡನೆಯದಾಗಿ, ಬ್ಲೆಂಡ್ ಚಿತ್ರಫಲಕದಂತೆ ಕಂಡರೂ ಅದರ ಒಳಗಿದ್ದುದು ವೃಕ್ಷರೂಪದ ತಾರ್ಕಿಕ ರಚನೆ. ಯಾವುದರೊಳಗೆ ಯಾವುದಿದೆ, ಯಾವ ದತ್ತಾಂಶ ಯಾವ ಚೌಕಕ್ಕೆ ಜೋಡಣೆಯಾಗಿದೆ ಎಂಬುದನ್ನು ತಿಳಿಯದೆ ಅದರಲ್ಲಿ ಬಿಡಿಸುವುದು ಕಷ್ಟವಾಗಿತ್ತು. ಮೂರನೆಯದಾಗಿ, ಡೆವಲಪರನಿಗೂ ಇದು ಹೊಸ ಭಾಷೆಯಾಗಿತ್ತು. ಹಳೆಯ ಪದ್ಧತಿಯಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಹೊಸದರಲ್ಲಿ ಆರಂಭದ ದಿನಗಳಲ್ಲಿ ಹೆಚ್ಚು ಸಮಯ ಹಿಡಿಯುವುದು ಸಹಜ.

ಬಳಕೆದಾರರ ಕಣ್ಣಿಗೆ ಮೊದಲು ಬಿದ್ದ ದೋಷ ಬರಹಕ್ಕೆ ಸಂಬಂಧಿಸಿತ್ತು ಎಂಬುದು ಇಲ್ಲಿ ಗಮನಾರ್ಹ. ಡಬ್ಲ್ಯುಪಿಎಫ್ ಅಕ್ಷರಗಳನ್ನು ತನ್ನದೇ ವಿಧಾನದಲ್ಲಿ ಬಿಡಿಸುತ್ತಿದ್ದುದರಿಂದ ಸಣ್ಣ ಅಳತೆಯ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಪರದೆಯ ಚುಕ್ಕಿಗಳಿಗೆ ಹೊಂದಿಸಿ ಅಕ್ಷರ ಬಿಡಿಸುವ ಆಯ್ಕೆಯನ್ನು ಒದಗಿಸಲು ೨೦೧೦ರ ನಾಲ್ಕನೆಯ ಆವೃತ್ತಿಯೇ ಬರಬೇಕಾಯಿತು. ಚಲಿಸುವ ಚಿತ್ರ, ಮೂರು ಆಯಾಮದ ದೃಶ್ಯಗಳಿಗೆಲ್ಲ ಮೊದಲೇ ಅವಕಾಶ ಕಲ್ಪಿಸಿದ್ದ ತಂತ್ರಜ್ಞಾನದಲ್ಲಿ ಸ್ಪಷ್ಟವಾಗಿ ಓದುವ ಸೌಲಭ್ಯ ತಡವಾಗಿ ಬಂದಿತು.

ಇದೇ ಝ್ಯಾಮೆಲ್‌ನ ಆಧಾರದಲ್ಲಿ ಜಾಲತಾಣಗಳಿಗಾಗಿ ರೂಪುಗೊಂಡ ಸಿಲ್ವರ್‌ಲೈಟ್ ೨೦೦೭ರ ಸೆಪ್ಟೆಂಬರಿನಲ್ಲಿ ಬಂದಿತು. ೨೦೦೮ರ ಬೀಜಿಂಗ್ ಒಲಿಂಪಿಕ್ಸ್‌ನ್ನು ಅಮೆರಿಕದ ಎನ್‌ಬಿಸಿ ವಾಹಿನಿಯು ಅಂತರ್ಜಾಲದಲ್ಲಿ ಪ್ರಸಾರ ಮಾಡಲು ಇದನ್ನೇ ಬಳಸಿತ್ತು. ಅರಬ್ಬಿ, ಹೀಬ್ರೂ, ಥಾಯ್‌ಗಳಂತಹ ಲಿಪಿಗಳನ್ನು ಸರಿಯಾಗಿ ಜೋಡಿಸುವ ಸೌಲಭ್ಯ ಇದರಲ್ಲಿಯೂ ಮೊದಲ ಆವೃತ್ತಿಯಲ್ಲಿರಲಿಲ್ಲ. ಅದು ೨೦೧೦ರ ನಾಲ್ಕನೆಯ ಆವೃತ್ತಿಯಲ್ಲಿ ಸೇರ್ಪಡೆಯಾಯಿತು. ಅಷ್ಟರಲ್ಲಿ ಇಂತಹ ಪೂರಕ ತಂತ್ರಾಂಶಗಳಿಗೆ ಅವಕಾಶವಿಲ್ಲದ ಐಫೋನ್ ವ್ಯಾಪಕವಾಗಿತ್ತು. ಸಿಲ್ವರ್‌ಲೈಟ್‌ಗಿದ್ದ ಬೆಂಬಲವು ೨೦೨೧ರ ಅಕ್ಟೋಬರಿನಲ್ಲಿ ಕೊನೆಗೊಂಡಿತು. ಅದರ ಪ್ರತಿಸ್ಪರ್ಧಿಯಾಗಿದ್ದ ಫ್ಲ್ಯಾಶ್ ೨೦೨೦ರ ಡಿಸೆಂಬರ್ ೩೧ಕ್ಕೇ ಮುಗಿದಿತ್ತು. ಎಕ್ಸ್‌ಪ್ರೆಶನ್ ಸಾಧನಸಮೂಹವನ್ನು ೨೦೧೨ರ ಕೊನೆಯಲ್ಲಿಯೇ ಕೈಬಿಡಲಾಯಿತು, ಬ್ಲೆಂಡ್ ವಿಶುವಲ್ ಸ್ಟುಡಿಯೋದ ಭಾಗವಾಯಿತು.

ಸಾಧನಗಳು ಹೀಗೆ ಮರೆಯಾದರೂ ಅವುಗಳ ಹಿಂದಿನ ವಿಚಾರ ಅಳಿಯಲಿಲ್ಲ. ೨೦೧೩ರಲ್ಲಿ ಫೇಸ್‌ಬುಕ್ ಮುಕ್ತವಾಗಿ ಹಂಚಿದ ರಿಯಾಕ್ಟ್, ೨೦೧೮ರ ಡಿಸೆಂಬರಿನಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಗೂಗಲ್‌ನ ಫ್ಲಟರ್, ೨೦೧೯ರಲ್ಲಿ ಆಪಲ್ ಪ್ರಕಟಿಸಿದ ಸ್ವಿಫ್ಟ್‌ಯುಐ, ೨೦೨೧ರಲ್ಲಿ ಆಂಡ್ರಾಯ್ಡ್‌ಗಾಗಿ ಬಂದ ಜೆಟ್‌ಪ್ಯಾಕ್ ಕಂಪೋಸ್ ಇವೆಲ್ಲವೂ ವಿವರಣೆಯ ಪದ್ಧತಿಯನ್ನೇ ಅನುಸರಿಸುತ್ತವೆ. ವಿಚಾರವು ಒಂದು ತಂತ್ರಜ್ಞಾನದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತದೆ. ಲಿಪಿಗೆ ದೊರೆತ ಸೌಲಭ್ಯ ಹಾಗೆ ತಾನಾಗಿಯೇ ದಾಟುವುದಿಲ್ಲ. ಅದನ್ನು ಪ್ರತಿ ಬಾರಿಯೂ ಯಾರಾದರೂ ಹೊತ್ತು ದಾಟಿಸಬೇಕಾಗುತ್ತದೆ.

೫. ಲಿಪಿಯ ಪದರ

ಕನ್ನಡ ಲಿಪಿಯು ೧೯೯೧ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ಆದರೆ ಯೂನಿಕೋಡ್ ನೀಡುವುದು ವರ್ಣಗಳಿಗೂ ಚಿಹ್ನೆಗಳಿಗೂ ಸಂಕೇತಸಂಖ್ಯೆಗಳನ್ನು ಮಾತ್ರ. ‘ಸ್ತ್ರೀ’ ಎಂಬುದು ಓದುಗನಿಗೆ ಒಂದು ಅಕ್ಷರ. ಸಂಗ್ರಹದಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳ ಸರಣಿ. ಈ ಆರನ್ನು ಒಂದು ಆಕೃತಿಯಾಗಿಸುವ, ಒತ್ತುಗಳನ್ನು ಕೆಳಗೆ ಇಳಿಸುವ, ಅರ್ಕಾವತ್ತನ್ನು ಬಲಕ್ಕೆ ಸರಿಸುವ ಕೆಲಸ ಅಕ್ಷರಸಂಯೋಜಕ ತಂತ್ರಾಂಶದ್ದು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಸ್ಕ್ರೈಬ್ ಎಂಬ ಸಂಯೋಜಕ ಮತ್ತು ತುಂಗಾ ಫಾಂಟ್‌ಗಳ ಮೂಲಕ ಕನ್ನಡಕ್ಕೆ ಈ ಸೌಲಭ್ಯ ದೊರೆಯಿತು. ಇಂದು ಹಾರ್ಫ್‌ಬಝ್ ಎಂಬ ಮುಕ್ತ ಸಂಯೋಜಕವು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸವನ್ನು ನಿರ್ವಹಿಸುತ್ತಿದೆ.

ಸಂಯೋಜಕವಿಲ್ಲದ ದಿನಗಳಲ್ಲಿ ಕನ್ನಡಿಗರು ಕಂಡುಕೊಂಡ ಮಾರ್ಗ ಬೇರೆಯದಾಗಿತ್ತು. ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳನ್ನು ಕೂರಿಸಿದ್ದವು. ಯಂತ್ರಕ್ಕೆ ಅದು ಇಂಗ್ಲಿಷ್, ಕಣ್ಣಿಗೆ ಕನ್ನಡ. ಯಾವ ಇಂಟರ್‌ಫೇಸ್‌ನಲ್ಲಾದರೂ ಕನ್ನಡ ಮೂಡಿಸಬಲ್ಲ ಈ ಉಪಾಯದ ಬೆಲೆಯೂ ಸಣ್ಣದಲ್ಲ. ಫಾಂಟ್ ಬದಲಾದರೆ ಪಠ್ಯವು ಅರ್ಥವಿಲ್ಲದ ಗುರುತುಗಳಾಗುತ್ತಿತ್ತು. ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಸುಲಭವಾಗಿರಲಿಲ್ಲ. ಆದರೂ ಡಿ.ಟಿ.ಪಿ. ಕೇಂದ್ರಗಳು ಯೂನಿಕೋಡ್‌ಗೆ ಬೇಗ ಬದಲಾಗದಿದ್ದುದಕ್ಕೆ ಅಭಿಮಾನದ ಕೊರತೆ ಕಾರಣವಲ್ಲ. ಅವರು ಬಳಸುತ್ತಿದ್ದ ಪುಟವಿನ್ಯಾಸದ ಸಾಧನಗಳು ಯೂನಿಕೋಡ್ ಕನ್ನಡವನ್ನು ಒಡೆದು ತೋರಿಸುತ್ತಿದ್ದವು. ಇನ್‌ಡಿಸೈನ್‌ನಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳ ಸಂಯೋಜನೆಗೆ ಅವಕಾಶ ಬಂದದ್ದು ೨೦೧೨ರ ಸಿಎಸ್೬ ಆವೃತ್ತಿಯಲ್ಲಿ. ವಿನ್ಯಾಸಕಾರನ ಸಾಧನ ಒಂದು ಸಂಕೇತಪದ್ಧತಿಯಲ್ಲಿಯೂ ಡೆವಲಪರನ ಸಾಧನ ಇನ್ನೊಂದರಲ್ಲಿಯೂ ಇದ್ದ ಈ ಅವಧಿಯಲ್ಲಿ ಕನ್ನಡ ಪಠ್ಯವು ಇಬ್ಬರ ನಡುವೆ ಅಲೆದಾಡಿತು.

ಹೊಸ ತಂತ್ರಜ್ಞಾನಗಳಲ್ಲಿ ಈ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕೆಲವು ತಂತ್ರಜ್ಞಾನಗಳು ಬರಹವನ್ನು ಬಿಡಿಸುವ ಕೆಲಸವನ್ನು ಕಾರ್ಯಾಚರಣ ವ್ಯವಸ್ಥೆಗೆ ಬಿಡುತ್ತವೆ. ಫ್ಲಟರ್‌ನಂತಹವು ಪರದೆಯ ಪ್ರತಿಯೊಂದು ಚುಕ್ಕಿಯನ್ನೂ ತಾವೇ ಬಿಡಿಸುತ್ತವೆ; ಆದ್ದರಿಂದ ಸಂಯೋಜಕವನ್ನೂ ತಮ್ಮೊಡನೆ ಹೊತ್ತು ತರಬೇಕಾಗುತ್ತದೆ. ಫ್ಲಟರ್‌ನ ಮಟ್ಟಿಗೆ ಹಾರ್ಫ್‌ಬಝ್ ಒಳಗೇ ಇರುವುದರಿಂದ ಕನ್ನಡವು ಕೂಡಿಕೊಂಡೇ ಮೂಡುತ್ತದೆ. ಆದರೆ ಬ್ರೌಸರಿನಲ್ಲಿ ಅದು ಬಳಸುವ ಕ್ಯಾನ್ವಾಸ್‌ಕಿಟ್ ಎಂಬ ವಿಧಾನವು ಬಳಕೆದಾರನ ಗಣಕದಲ್ಲಿರುವ ಕನ್ನಡ ಫಾಂಟನ್ನು ಉಪಯೋಗಿಸಿಕೊಳ್ಳುವುದಿಲ್ಲ. ಡೆವಲಪರ್ ಫಾಂಟನ್ನು ಜೊತೆಗೆ ಇರಿಸದಿದ್ದರೆ ಜಾಲದಿಂದ ನೋಟೊ ಫಾಂಟನ್ನು ತರಿಸಿಕೊಳ್ಳುತ್ತದೆ. ಕಾರ್ಯಾಚರಣ ವ್ಯವಸ್ಥೆಯಲ್ಲಿ ಎಂದೋ ಬಗೆಹರಿದಿದ್ದ ಸಂಗತಿಯು ಇಲ್ಲಿ ಜಾಲಸಂಪರ್ಕವನ್ನೂ ಡೆವಲಪರನ ಎಚ್ಚರವನ್ನೂ ಅವಲಂಬಿಸುವಂತಾಗಿದೆ.

೬. ಚೌಕದ ಎತ್ತರ: ಆಂಡ್ರಾಯ್ಡ್‌ನ ನಿದರ್ಶನ

ಪರದೆಯ ನಕ್ಷೆ ಸಿದ್ಧಪಡಿಸುವಾಗ ನಿಜವಾದ ಪಠ್ಯ ದೊರೆಯುವ ಮುನ್ನ ‘ಲೊರೆಮ್ ಇಪ್ಸಮ್’ ಎಂದು ಆರಂಭವಾಗುವ ಲ್ಯಾಟಿನ್ ಸಾಲುಗಳನ್ನು ತುಂಬುವುದು ವಿನ್ಯಾಸಕಾರರ ರೂಢಿ. ರೋಮನ್ ಲೇಖಕ ಸಿಸೆರೊ ಕ್ರಿ.ಪೂ. ೪೫ರಲ್ಲಿ ಬರೆದ ಗ್ರಂಥದ ಭಾಗವೊಂದನ್ನು ವಿರೂಪಗೊಳಿಸಿ ರಚಿಸಿದ ಸಾಲುಗಳಿವು. ಅರ್ಥವಿಲ್ಲದಿರುವುದೇ ಅವುಗಳ ಗುಣ. ಆದರೆ ಅರ್ಥವಿಲ್ಲದ ಈ ಪಠ್ಯಕ್ಕೂ ಲಿಪಿಯಿದೆ; ಆ ಲಿಪಿಯಲ್ಲಿ ಒತ್ತಕ್ಷರಗಳಿಲ್ಲ. ಲ್ಯಾಟಿನ್ ಅಕ್ಷರಗಳಿಗೆ ಹೊಂದಿಸಿದ ಎತ್ತರದ ಚೌಕದೊಳಗೆ ‘ವೈಶಿಷ್ಟ್ಯ’, ‘ರಾಷ್ಟ್ರ’ಗಳಂತಹ ಪದಗಳು ಬಂದಾಗ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ ಅಥವಾ ಮುಂದಿನ ಸಾಲಿಗೆ ತಾಗುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ: ಚೌಕವನ್ನು ಹಿಗ್ಗಿಸುವುದು ಅಥವಾ ಅಕ್ಷರವನ್ನು ಕುಗ್ಗಿಸುವುದು. ಆಂಡ್ರಾಯ್ಡ್ ಮೊದಲು ಆಯ್ದುಕೊಂಡದ್ದು ಎರಡನೆಯದನ್ನು. ೨೦೧೨ರ ಆಂಡ್ರಾಯ್ಡ್ ೪.೧ರಲ್ಲಿ ತೆಲುಗು, ಮಲಯಾಳಂಗಳೊಂದಿಗೆ ಕನ್ನಡಕ್ಕೂ ಬೆಂಬಲ ದೊರೆಯಿತು. ಆದರೆ ಈಗಾಗಲೇ ಸಿದ್ಧವಾಗಿದ್ದ ಪರದೆಗಳ ಜೋಡಣೆ ಕೆಡದಿರಲೆಂದು, ಹೆಚ್ಚು ಎತ್ತರ ಬೇಡುವ ಲಿಪಿಗಳಿಗೆ ಮೇಲಿನಿಂದ ಕೆಳಕ್ಕೆ ಅಡಕಗೊಳಿಸಿದ ಫಾಂಟುಗಳನ್ನು ಬಳಸುವ ಪದ್ಧತಿ ಬೆಳೆಯಿತು. ನೋಟೊ ಸಮೂಹದಲ್ಲಿ ಕನ್ನಡಕ್ಕೆ ಸಾಮಾನ್ಯ ರೂಪದ ಜೊತೆಗೆ ಇಂಟರ್‌ಫೇಸ್‌ಗೆಂದೇ ಅಡಕಗೊಳಿಸಿದ ಇನ್ನೊಂದು ರೂಪ ಇರುವುದು ಈ ಕಾರಣಕ್ಕೆ. ೨೦೧೪ರ ಆಂಡ್ರಾಯ್ಡ್ ೫ರಲ್ಲಿ, ಬೇಕಿದ್ದರೆ ಅಕ್ಷರವನ್ನು ಅದರ ಸಹಜ ಎತ್ತರದಲ್ಲಿಯೇ ತೋರಿಸುವ ಆಯ್ಕೆಯನ್ನು ಡೆವಲಪರರಿಗೆ ನೀಡಲಾಯಿತು. ಆದರೆ ಅದು ಆಯ್ಕೆ ಮಾತ್ರ. ಕೇಳದಿದ್ದರೆ ಅಡಕ ರೂಪವೇ ದೊರೆಯುತ್ತಿತ್ತು. ಇಂಗ್ಲಿಷ್ ಪರದೆಯನ್ನು ಮುಂದಿರಿಸಿಕೊಂಡು ಕೆಲಸ ಮಾಡುವ ಡೆವಲಪರನಿಗೆ ಇಂತಹದೊಂದು ಆಯ್ಕೆ ಇದೆ ಎಂಬುದು ಕಾಣುವ ಸಂದರ್ಭವೇ ವಿರಳ. ೨೦೨೪ರ ಆಂಡ್ರಾಯ್ಡ್ ೧೫ರಲ್ಲಿ, ಆ ಆವೃತ್ತಿಯನ್ನು ಗುರಿಯಾಗಿಸಿದ ತಂತ್ರಾಂಶಗಳಿಗೆ ಸಹಜ ಎತ್ತರವೇ ಪೂರ್ವನಿಯೋಜಿತ ಸ್ಥಿತಿಯಾಯಿತು. ಇದರ ಪರಿಣಾಮಕ್ಕೆ ಒಳಗಾಗುವ ಭಾಷೆಗಳ ಪಟ್ಟಿಯಲ್ಲಿ ಅರಬ್ಬಿ, ತಮಿಳು, ತೆಲುಗುಗಳೊಂದಿಗೆ ಕನ್ನಡವೂ ಇದೆ.

೨೦೧೨ರಿಂದ ೨೦೨೪ರವರೆಗಿನ ಹನ್ನೆರಡು ವರ್ಷಗಳು ಸ್ಮಾರ್ಟ್‌ಫೋನ್ ಕನ್ನಡ ನಾಡಿನ ಹಳ್ಳಿಹಳ್ಳಿಗೂ ತಲುಪಿದ ವರ್ಷಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಈ ಅವಧಿಯಲ್ಲಿ ಮಕ್ಕಳೂ ಹೊಸ ಓದುಗರೂ ಪರದೆಯ ಮೇಲೆ ಕಂಡ ಕನ್ನಡದ ಬಹುಭಾಗ ಚೌಕಕ್ಕಾಗಿ ಕುಗ್ಗಿಸಿದ ಕನ್ನಡವಾಗಿತ್ತು. ಇದರ ಹಿಂದೆ ಯಾರ ದುರುದ್ದೇಶವೂ ಇರಲಿಲ್ಲ. ವಿನ್ಯಾಸಕಾರನು ಎತ್ತರವನ್ನು ನಿಗದಿಪಡಿಸಿದ, ಡೆವಲಪರ್ ಅದನ್ನು ಪಾಲಿಸಿದ. ಅಕ್ಷರದ ಎತ್ತರ ಎಷ್ಟಿರಬೇಕೆಂದು ಕೇಳುವವನು ಆ ಕೋಣೆಯಲ್ಲಿರಲಿಲ್ಲ.

೭. ಅಕ್ಷರದ ಎಣಿಕೆ

‘ಅಕ್ಷರ’ ಎಂದರೇನು ಎಂಬ ಪ್ರಶ್ನೆಯೂ ಇಂಟರ್‌ಫೇಸ್‌ನಲ್ಲಿ ಪ್ರಾಯೋಗಿಕ ಮಹತ್ವ ಪಡೆಯುತ್ತದೆ. ಉದ್ದವಾದ ಹೆಸರನ್ನು ಚೌಕಕ್ಕೆ ಹಿಡಿಸುವಷ್ಟಕ್ಕೆ ಕತ್ತರಿಸುವಾಗ ಯಂತ್ರವು ಸಂಕೇತಗಳನ್ನು ಎಣಿಸಿದರೆ ಏಳು ಸಂಕೇತಗಳ ‘ರಾಷ್ಟ್ರ’ವು ನಾಲ್ಕಕ್ಕೆ ಕತ್ತರಿಸಿ ‘ರಾಷ್’ ಆಗುತ್ತದೆ. ಇದನ್ನು ತಪ್ಪಿಸಲು, ಓದುಗನು ಒಂದೆಂದು ಗ್ರಹಿಸುವ ಘಟಕದ ಗಡಿಯನ್ನು ಗುರುತಿಸುವ ನಿಯಮಗಳನ್ನು ಯೂನಿಕೋಡ್ ಒಕ್ಕೂಟ ರೂಪಿಸಿದೆ. ಬಹುಕಾಲ ಈ ನಿಯಮಗಳು ವಿರಾಮದ ನಂತರ ಗಡಿಯನ್ನು ಗುರುತಿಸುತ್ತಿದ್ದವು. ಅಂದರೆ ‘ಸ್ತ್ರೀ’ ಎಂಬುದು ಸ್, ತ್, ರೀ ಎಂಬ ಮೂರು ಘಟಕಗಳೆಂದು ಪರಿಗಣಿತವಾಗುತ್ತಿತ್ತು. ೨೦೨೩ರ ೧೫.೧ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ಹೊಸ ನಿಯಮ ಸೇರಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಕನ್ನಡವು ಆ ಆವೃತ್ತಿಯ ಪಟ್ಟಿಯಲ್ಲಿರಲಿಲ್ಲ. ರಚನೆಯಲ್ಲಿ ಕನ್ನಡಕ್ಕೆ ಅತ್ಯಂತ ಸಮೀಪದ ತೆಲುಗು ಲಿಪಿಯಲ್ಲಿ ಒಂದಾಗಿ ಎಣಿಕೆಯಾಗುವ ಪದವು ಕನ್ನಡದಲ್ಲಿ ಮೂರಾಗಿ ಒಡೆಯುವಂತಾಯಿತು. ವರ್ಣ ಮತ್ತು ಅಕ್ಷರಗಳ ಭೇದವನ್ನು ಮೊದಲ ಪಾಠದಲ್ಲಿಯೇ ಬೋಧಿಸುವ ಕನ್ನಡ ವಿಭಾಗಗಳಿಗೆ ಇದು ತಾಂತ್ರಿಕ ವಿವರವೆಂದು ಬದಿಗಿರಿಸುವ ಸಂಗತಿಯಾಗಬಾರದು.

೮. ವ್ಯಾಕರಣದ ಪದರ

ಲಿಪಿ ಸರಿಯಾಗಿ ಮೂಡಿದ ಮಾತ್ರಕ್ಕೆ ಇಂಟರ್‌ಫೇಸ್ ಕನ್ನಡವಾಗುವುದಿಲ್ಲ. ಪರದೆಯ ವಾಕ್ಯಗಳು ಸಾಮಾನ್ಯವಾಗಿ ಖಾಲಿ ಜಾಗವಿರುವ ಅಚ್ಚುಗಳು. ಬಳಕೆದಾರನ ಹೆಸರು, ಊರು, ಕಡತ ಮೊದಲಾದವನ್ನು ಆ ಜಾಗದಲ್ಲಿ ತುಂಬಲಾಗುತ್ತದೆ. ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸವನ್ನು ಬಿಡಿಪದಗಳು ಮಾಡುವುದರಿಂದ ಯಾವ ಹೆಸರನ್ನು ತುಂಬಿದರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ಪ್ರತ್ಯಯವು ಪ್ರಕ್ರಿಯೆಯೊಂದರ ಮೂಲಕ ಪ್ರಕೃತಿಗೆ ಸೇರುತ್ತದೆ. ಖಾಲಿ ಜಾಗದ ಮುಂದೆ ‘ಗೆ’ ಎಂದು ಅಚ್ಚುಹಾಕಿದರೆ ‘ಸೀತೆಗೆ’ ಸರಿಯಾಗುತ್ತದೆ. ‘ರಾಮನಿಗೆ’, ‘ಗುರುವಿಗೆ’, ‘ಧಾರವಾಡಕ್ಕೆ’ ಸಿದ್ಧಿಸುವುದಿಲ್ಲ. ‘ಅಲ್ಲಿ’ ಎಂದಿಟ್ಟರೆ ಬಳ್ಳಾರಿಯಲ್ಲಿ ಯಕಾರ, ಧಾರವಾಡದಲ್ಲಿ ದಕಾರ, ಮೈಸೂರಿನಲ್ಲಿ ‘ಇನ’ ಬೇಕಾಗುತ್ತವೆ. ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಸಂಧಿಪ್ರಕರಣದಿಂದಲೇ ಆರಂಭಿಸಿದ್ದಾನೆ. ಕನ್ನಡದಲ್ಲಿ ಎರಡು ರೂಪಗಳು ಸೇರುವಾಗ ಏನಾದರೂ ಸಂಭವಿಸುತ್ತದೆ ಎಂಬ ಈ ಮೂಲಭೂತ ಅರಿವು ಇಂಟರ್‌ಫೇಸ್‌ನ ಅಚ್ಚುಗಳಲ್ಲಿಲ್ಲ. ಅವು ಸೇರಿಕೆಯನ್ನು ಅಂಟಿಸುವಿಕೆ ಎಂದು ಭಾವಿಸುತ್ತವೆ.

ಈ ತೊಡಕಿನಿಂದ ಪಾರಾಗಲು ಅನುವಾದಕರು ವಿಭಕ್ತಿಯನ್ನೇ ತೊರೆದು ‘ಸ್ಥಳ: ಧಾರವಾಡ’, ‘ಸ್ವೀಕರಿಸುವವರು: ರಾಮ’ ಎಂದು ಪಟ್ಟಿಯ ರೂಪದಲ್ಲಿ ಬರೆಯುತ್ತಾರೆ. ಇದು ಜಾಣ ಪರಿಹಾರವೇ ಹೌದು. ಆದರೆ ಇದರಿಂದಾಗಿ ಪರದೆಯ ಕನ್ನಡವು ವಾಕ್ಯಗಳನ್ನು ಕಳೆದುಕೊಂಡು ಅರ್ಜಿ ನಮೂನೆಯ ಭಾಷೆಯಾಗುತ್ತದೆ. ಲಿಂಗ ಮತ್ತು ಗೌರವದ ಪ್ರಶ್ನೆಯೂ ಇದೇ ಬಗೆಯದು. ‘ಸೇರಿದನು’, ‘ಸೇರಿದಳು’, ‘ಸೇರಿದರು’ ಎಂಬ ಮೂರರಲ್ಲಿ ಯಂತ್ರಕ್ಕೆ ಯಾವುದು ಸರಿಯೆಂದು ತಿಳಿಯದು. ಆದ್ದರಿಂದ ‘ಸೇರಿದ್ದಾರೆ’ ಎಂಬ ಗೌರವರೂಪವೇ ಎಲ್ಲರಿಗೂ ಅನ್ವಯವಾಗುತ್ತದೆ. ಗುಂಡಿಯ ಮೇಲೆ ‘ಉಳಿಸು’ ಎಂದಿರಬೇಕೋ ‘ಉಳಿಸಿ’ ಎಂದಿರಬೇಕೋ ಎಂಬುದು ಇನ್ನೊಂದು ಜಿಜ್ಞಾಸೆ. ಬಳಕೆದಾರನು ಯಂತ್ರಕ್ಕೆ ನೀಡುವ ಆಜ್ಞೆಯೆಂದು ಭಾವಿಸಿದರೆ ಮೊದಲನೆಯದು ಸರಿ. ಯಂತ್ರವು ಬಳಕೆದಾರನಲ್ಲಿ ಮಾಡುವ ವಿನಂತಿಯೆಂದು ಭಾವಿಸಿದರೆ ಎರಡನೆಯದು. ಇಂಗ್ಲಿಷಿನ ಒಂದೇ ಧಾತುರೂಪದಲ್ಲಿ ಅಡಗಿದ್ದ ಈ ದ್ವಂದ್ವವನ್ನು ಕನ್ನಡವು ಬಯಲಿಗೆ ತರುತ್ತದೆ. ಎರಡೂ ರೂಪಗಳು ಒಂದೇ ಪರದೆಯಲ್ಲಿ ಬೆರೆತರೆ ಮಾತನಾಡುತ್ತಿರುವವರು ಯಾರು ಎಂಬುದೇ ಅಸ್ಪಷ್ಟವಾಗುತ್ತದೆ.

ತಂತ್ರಜ್ಞಾನವು ಯಾವ ವ್ಯಾಕರಣಾಂಶಗಳಿಗೆ ಸೌಲಭ್ಯ ಕಲ್ಪಿಸಿದೆ ಎಂಬುದನ್ನು ಗಮನಿಸಿದರೆ ಈ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಯೂನಿಕೋಡ್ ಒಕ್ಕೂಟದ ಭಾಷಾದತ್ತ ಸಂಗ್ರಹದಲ್ಲಿ ಕನ್ನಡಕ್ಕೆ ಏಕ ಮತ್ತು ಇತರ ಎಂಬ ಎರಡು ವಚನವರ್ಗಗಳಿವೆ. ‘ಒಂದು ಪುಸ್ತಕ’, ‘ಐದು ಪುಸ್ತಕಗಳು’ ಎಂಬ ಭೇದವನ್ನು ಇದರಿಂದ ಸಾಧಿಸಬಹುದು. ‘ಐದು ಪುಸ್ತಕ’ ಎಂಬುದೂ ಸಹಜವಾಗಿರುವ ಕನ್ನಡಕ್ಕೆ ವಚನಕ್ಕಿಂತ ವಿಭಕ್ತಿಯ ಅಗತ್ಯ ಹೆಚ್ಚು. ಆದರೆ ಇಂಟರ್‌ಫೇಸ್ ಸಾಧನಗಳಲ್ಲಿ ಸಿದ್ಧವಾಗಿ ದೊರೆಯುವುದು ವಚನ; ವಿಭಕ್ತಿಯಲ್ಲ. ಯಾವ ಭಾಷೆಗಳ ಅಗತ್ಯವು ಮೊದಲು ಕಣ್ಣಿಗೆ ಬಿದ್ದಿತೋ ಆ ಭಾಷೆಗಳ ವ್ಯಾಕರಣವೇ ಸಾಧನದ ವ್ಯಾಕರಣವಾಗಿದೆ.

೯. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಇಂಟರ್‌ಫೇಸ್ ತಂತ್ರಜ್ಞಾನಗಳ ಆಯಸ್ಸು ಕಡಿಮೆ. ಅವುಗಳನ್ನು ಕಲಿತವರ ಶ್ರಮದ ಒಂದು ಭಾಗ ಅವುಗಳೊಂದಿಗೇ ಕೊನೆಗೊಳ್ಳುತ್ತದೆ. ವಿನ್ಯಾಸಕಾರ ಮತ್ತು ಡೆವಲಪರರನ್ನು ಹತ್ತಿರ ತರುವ ಪ್ರಯತ್ನಗಳು ಚಿತ್ರ ಮತ್ತು ಆಜ್ಞೆಯ ನಡುವಿನ ಅಂತರವನ್ನು ಕಡಿಮೆ ಮಾಡಿವೆ. ಆದರೆ ಬರಹವು ಆ ಒಪ್ಪಂದದ ಹೊರಗೇ ಉಳಿದಿದೆ. ಲಿಪಿಯ ವಿಷಯದಲ್ಲಿ ಆದ ಸುಧಾರಣೆಗಳು ಪ್ರತಿ ಬಾರಿಯೂ ಮೊದಲ ಆವೃತ್ತಿಯ ನಂತರ ಬಂದಿವೆ. ಆಯ್ಕೆಯಾಗಿ ದೊರೆಯುವ ಸೌಲಭ್ಯಕ್ಕಿಂತ ಪೂರ್ವನಿಯೋಜಿತವಾಗಿ ದೊರೆಯುವುದೇ ಬಹುಸಂಖ್ಯಾತ ಓದುಗರ ಪಾಲಿಗೆ ವಾಸ್ತವ.

ಈ ಹಿನ್ನೆಲೆಯಲ್ಲಿ ಕನ್ನಡ ಅಧ್ಯಯನದ ಮುಂದಿರುವ ಕೆಲಸವು ತಂತ್ರಾಂಶ ಬರೆಯುವುದಲ್ಲ. ಲ್ಯಾಟಿನ್ ಸಾಲುಗಳ ಬದಲಿಗೆ ವಿನ್ಯಾಸಕಾರರು ಬಳಸಬಹುದಾದ ಕನ್ನಡದ ಪರೀಕ್ಷಾಪಠ್ಯವೊಂದನ್ನು ಸಿದ್ಧಪಡಿಸುವುದು ಸಾಧ್ಯವಿದೆ. ಎರಡು ಒತ್ತುಗಳ ಸಂಯುಕ್ತಾಕ್ಷರಗಳು, ಅರ್ಕಾವತ್ತು, ದೀರ್ಘಸ್ವರದ ಗುಣಿತಗಳು, ಉದ್ದವಾದ ಸಮಾಸಪದಗಳು ಅದರಲ್ಲಿ ಯೋಜಿತವಾಗಿ ಸೇರಬೇಕು. ನಾಮಪದದ ಅಂತ್ಯಸ್ವರ ಮತ್ತು ಲಿಂಗವನ್ನು ಆಧರಿಸಿ ವಿಭಕ್ತಿರೂಪಗಳನ್ನು ನಿರ್ಧರಿಸುವ ನಿಯಮಗಳನ್ನು, ಅಪವಾದಗಳ ಸಹಿತ, ಡೆವಲಪರನು ಓದಬಲ್ಲ ಕೋಷ್ಟಕವಾಗಿ ರೂಪಿಸುವುದು ವ್ಯಾಕರಣದ ವಿದ್ಯಾರ್ಥಿಗೆ ಯೋಗ್ಯವಾದ ಸಂಶೋಧನಾ ವಿಷಯ. ಯೂನಿಕೋಡ್ ಒಕ್ಕೂಟವು ತನ್ನ ಕರಡುಗಳನ್ನು ಸಾರ್ವಜನಿಕ ಪರಿಶೀಲನೆಗೆ ಇಡುತ್ತದೆ. ಅಲ್ಲಿ ಕನ್ನಡದ ಅಕ್ಷರಕಲ್ಪನೆಯನ್ನು ಆಧಾರಸಹಿತವಾಗಿ ಮಂಡಿಸುವ ಅರ್ಹತೆ ಕನ್ನಡ ವಿಭಾಗಗಳಿಗಿದೆ. ಇವು ಯಾವೊಂದು ಸಾಧನಕ್ಕೂ ಕಟ್ಟುಬಿದ್ದ ಕೆಲಸಗಳಲ್ಲ. ಸಿಲ್ವರ್‌ಲೈಟ್ ಹೋಗಿ ಫ್ಲಟರ್ ಬಂದಂತೆ ಫ್ಲಟರ್‌ನ ಜಾಗಕ್ಕೂ ಮುಂದೆ ಇನ್ನೊಂದು ಬರಬಹುದು. ಆಗ ಅದನ್ನು ಸ್ವೀಕರಿಸುವ ವಿನ್ಯಾಸಕಾರನ ಮೇಜಿನ ಮೇಲೆ ಕನ್ನಡದ ಪರೀಕ್ಷಾಪಠ್ಯವೂ ಡೆವಲಪರನ ಕೈಯಲ್ಲಿ ಕನ್ನಡದ ವಿಭಕ್ತಿಕೋಷ್ಟಕವೂ ಇದ್ದರೆ, ಒತ್ತಕ್ಷರದ ಎತ್ತರಕ್ಕಾಗಿ ಓದುಗನು ಮತ್ತೆ ಹನ್ನೆರಡು ವರ್ಷ ಕಾಯಬೇಕಾಗಿ ಬರುವುದಿಲ್ಲ.